ಹಿಮಾಲಯದ ಗೈಡ್‌ಗೆ ಏನೇನು ಗೊತ್ತಿರಬೇಕು: ಊರಿನ ಕಲಿಕೆ, ಹಗ್ಗದ ಕಲಿಕೆ, ದೇಹದ ಕಲಿಕೆ

ಡೆಹ್ರಾಡೂನ್‌ನಿಂದ ಇಡೀ ದಿನ ಗಾಡಿಯಲ್ಲಿ ಕೂತು, ಚಾರಣ ಶುರುವಾಗುವ ಸಾಂಕ್ರಿ ಹಳ್ಳಿ ತಲುಪಿದ ಚಾರಣಿಗರಿಗೆ ಮಾರನೆಯ ಬೆಳಿಗ್ಗೆ ನಾಲ್ಕೈದು ಮಂದಿಯ ತಂಡ ಸಿಗುತ್ತದೆ. ನಾವು ಅವರೆಲ್ಲರನ್ನೂ ‘ಗೈಡ್’ ಅಂತಲೇ ಕರೆಯುತ್ತೇವೆ. ಆದರೆ ಅವರವರ ಕೆಲಸ ಬೇರೆ, ಅದನ್ನು ಕಲಿತ ದಾರಿಯೂ ಬೇರೆ. ಟ್ರೆಕ್ ಲೀಡರ್ ಅಂದರೆ ಇಡೀ ಗುಂಪಿನ ಹೊಣೆ ಹೊತ್ತವರು. ಯಾರು ಮುಂದೆ ಹೋಗಬಹುದು, ಯಾರು ಇಳಿಯಬೇಕು ಅನ್ನುವ ಕೊನೆಯ ಮಾತು ಅವರದು. ಲೋಕಲ್ ಗೈಡ್ ಆ ಕಣಿವೆಯವರೇ. ದಾರಿ ತೋರಿಸುತ್ತ ಮುಂದೆ ನಡೆಯುವವರು ಅವರು. ಸಾಲಿನ ಕೊನೆಯಲ್ಲಿ ಬರುವವರನ್ನು ಸ್ವೀಪರ್ ಅನ್ನುತ್ತಾರೆ. ಹಿಂದೆ ಬೀಳುವವರ ಜೊತೆ ಹೆಜ್ಜೆ ಹಾಕುವುದು, ತಮ್ಮ ಹಿಂದೆ ಯಾರೂ ಉಳಿದಿಲ್ಲ ಅಂತ ಖಾತ್ರಿ ಮಾಡುವುದು ಅವರ ಕೆಲಸ. ಇವರ ಜೊತೆಗೆ ಅಡುಗೆಯವರು, ಹೇಸರಗತ್ತೆ ಹೊಡೆಯುವವರು, ಪೋರ್ಟರ್‌ಗಳು. ಚಾರಣ ಬಿಟ್ಟು ಶಿಖರ ಹತ್ತಲು ಹೊರಟರೆ ಹಗ್ಗ ಕಟ್ಟುವ ಕ್ಲೈಂಬಿಂಗ್ ಗೈಡ್ ಮತ್ತು ಎತ್ತರದ ಕ್ಯಾಂಪ್‌ಗಳಿಗೆ ಹೊರೆ ಸಾಗಿಸುವ ಹೈ ಆಲ್ಟಿಟ್ಯೂಡ್ ಪೋರ್ಟರ್ ಸೇರಿಕೊಳ್ಳುತ್ತಾರೆ.

ಈ ವೃತ್ತಿಗೆ ಬೇಕಾದ ತಿಳಿವಳಿಕೆ ಮೂರು ಬಗೆಯದು: ಜಾಗ ಬಲ್ಲ ತಿಳಿವಳಿಕೆ, ಹಗ್ಗ-ಹಿಮದ ತಾಂತ್ರಿಕ ತಿಳಿವಳಿಕೆ, ಮನುಷ್ಯನ ದೇಹ ಎತ್ತರದಲ್ಲಿ ಹೇಗೆ ಸೋಲುತ್ತದೆ ಅನ್ನುವ ತಿಳಿವಳಿಕೆ. ಮೂರೂ ಒಬ್ಬರಲ್ಲೇ ಇರುವುದು ಅಪರೂಪ. ಹಾಗಾಗಿ ಒಬ್ಬ ಗೈಡ್ ಎಷ್ಟು ಗಟ್ಟಿಗ ಅನ್ನುವುದಕ್ಕಿಂತ ತಂಡದಲ್ಲಿ ಈ ಮೂರೂ ಇವೆಯೇ ಅನ್ನುವುದನ್ನು ನೋಡಬೇಕು.

ಕಣಿವೆಯಲ್ಲಿ ಹುಟ್ಟಿ ಬಂದ ವಿದ್ಯೆ

ಗಢವಾಲ, ಕುಮಾವೂಂ, ಹಿಮಾಚಲದ ಬಹುಪಾಲು ಲೋಕಲ್ ಗೈಡ್‌ಗಳು ಕುರಿಗಾಹಿ ಅಥವಾ ರೈತ ಮನೆತನದವರು. ಬೇಸಿಗೆಯಲ್ಲಿ ಕುರಿ ಹೊಡೆದುಕೊಂಡು ಬುಗಿಯಾಲ್‌ಗೆ, ಅಂದರೆ ಮರಗಳ ಗಡಿ ದಾಟಿದ ಮೇಲಿನ ಹುಲ್ಲುಗಾವಲಿಗೆ ಹೋಗುವುದು ಅಲ್ಲಿನ ಹಳೆಯ ಬದುಕು. ಚಾರಣದ ಕೆಲಸಕ್ಕೆ ಬಂದವರು ಮೊದಲು ಹೊರೆ ಹೊರುತ್ತಾರೆ, ಆಮೇಲೆ ಅಡುಗೆ ಟೆಂಟ್‌ನಲ್ಲಿ ಸಹಾಯಕರಾಗುತ್ತಾರೆ, ಕೆಲವು ಸೀಸನ್ ಕಳೆದ ಮೇಲೆ ಸ್ವೀಪರ್, ಕೊನೆಗೆ ಗೈಡ್.

ಭಾರತದಲ್ಲಿ ಈ ವೃತ್ತಿ ಬೆಳೆದದ್ದೇ ಹೀಗೆ. 1921ರಲ್ಲಿ ಬ್ರಿಟಿಷರ ಮೊದಲ ಎವರೆಸ್ಟ್ ತಂಡ ಟಿಬೆಟ್ ಮಾರ್ಗವಾಗಿ ಹೊರಟದ್ದು ಡಾರ್ಜಿಲಿಂಗ್‌ನಿಂದ. ಕೂಲಿ ಹುಡುಕಿಕೊಂಡು ನೇಪಾಳದಿಂದ ಬಂದ ಶೆರ್ಪಾಗಳು ಅಲ್ಲಿ ನೆಲೆಸಿದ್ದರು. ಹೊರೆಯಾಳಾಗಿ ಶುರು ಮಾಡಿದ ತೇನ್‌ಸಿಂಗ್ ನೋರ್ಗೆ 1953ರ ಮೇ 29ರಂದು ಎಡ್ಮಂಡ್ ಹಿಲರಿ ಜೊತೆ ಎವರೆಸ್ಟ್ ತುದಿ ಮುಟ್ಟಿದರು. ಮರುವರ್ಷ, 1954ರಲ್ಲಿ, ಡಾರ್ಜಿಲಿಂಗ್‌ನಲ್ಲೇ ಹಿಮಾಲಯನ್ ಮೌಂಟನಿಯರಿಂಗ್ ಇನ್‌ಸ್ಟಿಟ್ಯೂಟ್ ಶುರುವಾದಾಗ ಅದರ ಕ್ಷೇತ್ರ ತರಬೇತಿಯ ಮೊದಲ ನಿರ್ದೇಶಕರಾದರು.

ಊರಿನ ವಿದ್ಯೆಯ ಬೆಲೆ ನಕ್ಷೆಯಲ್ಲಿ ಕಾಣುವುದಿಲ್ಲ. ಮಂಜು ಮುಸುಕಿ ಹತ್ತು ಮೀಟರ್ ಆಚೆಗೆ ಏನೂ ಕಾಣದಿದ್ದಾಗ ಕುರಿದಾರಿ ಹಿಡಿದು ಇಳಿಸಬಲ್ಲವರು ಆ ಕಣಿವೆಯವರು. ತೊರೆಯ ಮೇಲೆ ಗಟ್ಟಿಕಟ್ಟಿದ ಹಿಮದ ಸೇತುವೆ ಇನ್ನೂ ಭಾರ ತಡೆಯುತ್ತದೋ ಇಲ್ಲವೋ, ಯಾವ ಇಳಿಜಾರಿನಲ್ಲಿ ಮಧ್ಯಾಹ್ನದ ಬಿಸಿಲಿಗೆ ಕಲ್ಲು ಉರುಳುತ್ತದೆ, ನೀರು ಎಲ್ಲಿ ಬತ್ತುತ್ತದೆ ಅನ್ನುವುದೆಲ್ಲ ವರ್ಷ ವರ್ಷ ಅದೇ ಜಾಗ ನೋಡಿದವರಿಗೆ ಮಾತ್ರ ಗೊತ್ತು. ಹಿಮನದಿಯಿಂದ ಇಳಿಯುವ ಹೊಳೆಯನ್ನು ಬೆಳಿಗ್ಗೆ ಬೇಗ ದಾಟಿಸುತ್ತಾರೆ. ಬಿಸಿಲೇರಿ ಹಿಮ ಕರಗಿದ ಮೇಲೆ, ಬೆಳಿಗ್ಗೆ ಮೊಣಕಾಲಿನವರೆಗೆ ಇದ್ದ ನೀರು ಸಂಜೆಗೆ ತೊಡೆ ಮುಟ್ಟುತ್ತದೆ, ಕಾಲು ನಿಲ್ಲುವುದಿಲ್ಲ. ಹೊಳೆ ಕವಲಾಗಿ ಅಗಲವಾಗಿ ಹರಿಯುವ ಕಡೆ ಆಳ ಕಡಿಮೆ, ದಾಟಲು ಅದೇ ಜಾಗ ಸರಿ. ದಾಟುವಾಗ ಬ್ಯಾಗಿನ ಸೊಂಟದ ಪಟ್ಟಿ ಬಿಚ್ಚಿರಬೇಕು. ಬಿದ್ದರೆ ಬ್ಯಾಗ್ ಕಳಚಿ ಎಸೆಯಲು ಬರಬೇಕಲ್ಲ.

ಈ ವಿದ್ಯೆಗೂ ಒಂದು ಮಿತಿಯಿದೆ. ವರ್ಷದ ಆರು ತಿಂಗಳು ಮೂರು ಸಾವಿರ ಮೀಟರ್ ಮೇಲೆ ಓಡಾಡುವವರ ದೇಹ ಆ ಗಾಳಿಗೆ ಒಗ್ಗಿರುತ್ತದೆ. ತಮಗೆ ಸಲೀಸಾದ ವೇಗವೇ ಬೆಂಗಳೂರಿನಿಂದ ಬಂದವರಿಗೂ ಸರಿ ಅಂತ ಅನಿಸಿಬಿಡುವುದು ಸಹಜ. ಇದನ್ನು ಸರಿಪಡಿಸಲು ತರಬೇತಿ ಬೇಕೇ ಬೇಕು.

ಸಂಸ್ಥೆಯಲ್ಲಿ ಕಲಿಯುವುದು

ಭಾರತದಲ್ಲಿ ಪರ್ವತಾರೋಹಣ ಕಲಿಸುವ ಮುಖ್ಯ ಸಂಸ್ಥೆಗಳು ಇವು: ಡಾರ್ಜಿಲಿಂಗ್‌ನದು, 1965ರಲ್ಲಿ ಉತ್ತರಕಾಶಿಯಲ್ಲಿ ಶುರುವಾದ ನೆಹರೂ ಇನ್‌ಸ್ಟಿಟ್ಯೂಟ್ ಆಫ್ ಮೌಂಟನಿಯರಿಂಗ್, ಮನಾಲಿಯ ಅಟಲ್ ಬಿಹಾರಿ ವಾಜಪೇಯಿ ಸಂಸ್ಥೆ, ಪಹಲ್ಗಾಮ್‌ನ ಜವಾಹರ್ ಸಂಸ್ಥೆ, ಅರುಣಾಚಲದ ದಿರಾಂಗ್‌ನಲ್ಲಿರುವ ನಿಮಾಸ್. ಎಲ್ಲ ಕಡೆಯೂ ಮೆಟ್ಟಿಲು ಹೆಚ್ಚುಕಡಿಮೆ ಒಂದೇ. ಮೊದಲು ಬೇಸಿಕ್ ಕೋರ್ಸ್, ಸುಮಾರು ನಾಲ್ಕು ವಾರ. ಬಂಡೆ ಹತ್ತುವುದು, ಹಿಮದ ಮೇಲೆ ನಡೆಯುವುದು, ಜಾರಿದರೆ ಐಸ್ ಆ್ಯಕ್ಸ್ (ಹಿಮಗೊಡಲಿ) ಊರಿ ನಿಲ್ಲುವುದು, ಗಂಟುಗಳು, ಟೆಂಟ್, ಹೊರೆ ಹೊತ್ತು ಎತ್ತರಕ್ಕೆ ಏರುವುದು. ಉತ್ತರಕಾಶಿಯವರು ಬಂಡೆಯ ಪಾಠವನ್ನು ಊರ ಹತ್ತಿರದ ತೇಖ್ಲಾದಲ್ಲಿ ಮುಗಿಸಿ, ಹಿಮದ ಪಾಠಕ್ಕೆ ಡೋಕ್ರಿಯಾಣಿ ಹಿಮನದಿಗೆ ಕರೆದೊಯ್ಯುತ್ತಾರೆ.

ಬೇಸಿಕ್‌ನಲ್ಲಿ ‘ಎ’ ಗ್ರೇಡ್ ಬಂದವರಿಗೆ ಮಾತ್ರ ಅಡ್ವಾನ್ಸ್ ಕೋರ್ಸ್, ಮತ್ತೆ ನಾಲ್ಕು ವಾರ. ಇಲ್ಲಿ ಹಗ್ಗ ಕಟ್ಟಿ ದಾರಿ ಮಾಡುವುದು, ಹಿಮನದಿಯ ಬಿರುಕಿಗೆ ಬಿದ್ದವರನ್ನು ಎತ್ತುವುದು, ಶಿಖರ ಏರುವ ಯೋಜನೆ ಎಲ್ಲ ಬರುತ್ತದೆ. ಅಡ್ವಾನ್ಸ್‌ನಲ್ಲೂ ‘ಎ’ ಬಂದರೆ ಸರ್ಚ್ ಆ್ಯಂಡ್ ರೆಸ್ಕ್ಯೂ ಮತ್ತು ಮೆಥಡ್ ಆಫ್ ಇನ್‌ಸ್ಟ್ರಕ್ಷನ್, ತಲಾ ಸುಮಾರು ಮೂರು ವಾರ. ಕೊನೆಯದನ್ನು ಎಂಒಐ ಅಂತಲೇ ಕರೆಯುವುದು ರೂಢಿ. ಇನ್ನೊಬ್ಬರಿಗೆ ಕಲಿಸುವ ಯೋಗ್ಯತೆ ಇದೆ ಅಂತ ಹೇಳುವುದು ಆ ಕೋರ್ಸ್. ಬೇಸಿಕ್‌ನಲ್ಲಿ ‘ಬಿ’ ಬಂದವರು ಕೋರ್ಸ್ ಮುಗಿಸಿದ್ದಾರೆ ಅಷ್ಟೇ, ಮುಂದಿನ ಮೆಟ್ಟಿಲಿಗೆ ಅರ್ಹತೆ ಸಿಕ್ಕಿಲ್ಲ. ‘ಬಿಎಂಸಿ (ಬೇಸಿಕ್ ಕೋರ್ಸ್) ಆಗಿದೆ’ ಅನ್ನುವವರನ್ನು ಗ್ರೇಡ್ ಕೇಳುವುದರಲ್ಲಿ ಏನೂ ತಪ್ಪಿಲ್ಲ.

ನಾಲ್ಕೂ ಕೋರ್ಸ್ ಸೇರಿಸಿದರೆ ನೂರು ದಿನದ ಆಸುಪಾಸು. ಆ ನೂರು ದಿನದಲ್ಲಿ ಇಲ್ಲದಿರುವ ಪಾಠ ಒಂದಿದೆ: ಗ್ರಾಹಕರನ್ನು ಕರೆದೊಯ್ಯುವುದು. ಕೋರ್ಸಿನಲ್ಲಿ ಜೊತೆಗಿರುವವರು ಗಟ್ಟಿಮುಟ್ಟಾದ, ಪರೀಕ್ಷೆ ಪಾಸಾಗಬೇಕೆಂಬ ಹಟದ ಯುವಕ ಯುವತಿಯರು. ಟ್ರೆಕ್‌ನಲ್ಲಿ ಸಿಗುವವರು ಐವತ್ತು ದಾಟಿ ಮೊದಲ ಸಲ ಹಿಮ ನೋಡುವವರು, ರಜೆ ಮುಗಿಯುವುದರೊಳಗೆ ಶಿಖರ ಮುಟ್ಟಲೇಬೇಕು ಅನ್ನುವವರು. ಯುರೋಪಿನ ಪದ್ಧತಿಯಲ್ಲಿ ಈ ಕೊರತೆ ತುಂಬಲು ವ್ಯವಸ್ಥೆ ಇದೆ. ಆಸ್ಟ್ರಿಯಾ, ಫ್ರಾನ್ಸ್, ಸ್ವಿಟ್ಜರ್ಲೆಂಡ್, ಇಟಲಿಯ ಗೈಡ್ ಸಂಘಗಳು 1965ರಲ್ಲಿ ಕಟ್ಟಿದ ಐಎಫ್‌ಎಂಜಿಎ ಒಕ್ಕೂಟದ ಪ್ರಮಾಣಪತ್ರ ಬೇಕಾದರೆ ಬಂಡೆ, ಹಿಮಪರ್ವತ, ಸ್ಕೀ ಮೂರರಲ್ಲೂ ಪಳಗಬೇಕು. ಅದಕ್ಕೂ ಮಿಗಿಲಾಗಿ, ಪೂರ್ಣ ಗೈಡ್ ಒಬ್ಬರ ಕಣ್ಗಾವಲಿನಲ್ಲಿ ನಿಜವಾದ ಗ್ರಾಹಕರನ್ನು ಕರೆದೊಯ್ಯುತ್ತ ಅರೆಗೈಡ್ ಆಗಿ ದುಡಿದಿರಬೇಕು. ನೇಪಾಳದ ಗೈಡ್ ಸಂಘ 2012ರಲ್ಲಿ ಈ ಒಕ್ಕೂಟ ಸೇರಿತು. ನಮ್ಮಲ್ಲಿ ಈ ಉಮೇದುವಾರಿ ಇನ್ನೂ ಆಯಾ ಕಂಪನಿಯ ಶಿಸ್ತಿನ ಮೇಲೆ ನಿಂತಿದೆ. ಒಳ್ಳೆಯ ಕಂಪನಿಗಳು ಹೊಸಬರನ್ನು ಹಲವು ಟ್ರೆಕ್‌ಗಳಲ್ಲಿ ಸಹಾಯಕರಾಗಿ ನಡೆಸಿ ಆಮೇಲೆ ಗುಂಪು ಒಪ್ಪಿಸುತ್ತವೆ. ಆತುರದ ಕಂಪನಿಗಳು ಬೇಸಿಕ್ ಸರ್ಟಿಫಿಕೇಟ್ ನೋಡಿ ಮಾರನೆಯ ವಾರವೇ ಲೀಡರ್ ಮಾಡುತ್ತವೆ.

ಹಗ್ಗದ ಲೆಕ್ಕ

ತಾಂತ್ರಿಕ ಜ್ಞಾನ ಅಂದರೆ ಏನು ಅನ್ನುವುದಕ್ಕೆ ಆ್ಯಂಕರ್ ಒಂದನ್ನೇ ಹತ್ತಿರದಿಂದ ನೋಡಿದರೆ ಸಾಕು. ಬಂಡೆಗೆ ಅಥವಾ ಹಿಮಕ್ಕೆ ಎರಡು ಕಡೆ ಗೂಟ ಹೊಡೆದು, ಎರಡರಿಂದಲೂ ಬಂದ ಪಟ್ಟಿಗಳನ್ನು ಒಂದು ಕಡೆ ಸೇರಿಸಿ, ಅಲ್ಲಿಂದ ಹಗ್ಗ ಇಳಿಬಿಡುತ್ತಾರೆ. ಎರಡು ಗೂಟ ಇವೆ, ಹಾಗಾಗಿ ತಲಾ ಅರ್ಧ ಭಾರ ಅಂತ ಹೊಸಬರು ತಿಳಿಯುತ್ತಾರೆ. ಪಟ್ಟಿಗಳ ನಡುವಿನ ಕೋನ ಹಿಗ್ಗಿದಂತೆ ಆ ಲೆಕ್ಕ ತಪ್ಪುತ್ತದೆ. 60 ಡಿಗ್ರಿ ಇದ್ದಾಗ ಒಂದೊಂದು ಗೂಟದ ಮೇಲೆ ಬೀಳುವುದು ಭಾರದ ಸುಮಾರು ಶೇ 58. 90 ಡಿಗ್ರಿಗೆ ಶೇ 71. 120 ಡಿಗ್ರಿಗೆ ಬಂದರೆ ಎರಡು ಗೂಟದ ಮೇಲೂ ಪೂರ್ತಿ ಭಾರವೇ ಬೀಳುತ್ತದೆ. 150 ಡಿಗ್ರಿಯಲ್ಲಿ ಒಂದೊಂದೂ ಹೆಚ್ಚುಕಡಿಮೆ ಎರಡು ಪಟ್ಟು ಎಳೆತ ತಡೆಯಬೇಕು. ಅದಕ್ಕೇ ಪಳಗಿದ ಗೈಡ್ ಪಟ್ಟಿ ಉದ್ದ ಬಿಟ್ಟು ಕೋನವನ್ನು 60 ಡಿಗ್ರಿಯೊಳಗೆ ಇಡುತ್ತಾರೆ, ಒಂದು ಗೂಟ ಕಿತ್ತರೂ ಇನ್ನೊಂದಕ್ಕೆ ಜರ್ಕ್ ಬೀಳದ ಹಾಗೆ ಗಂಟು ಹಾಕುತ್ತಾರೆ.

ಹಿಮನದಿಯ ಮೇಲೆ ಮೂರು ನಾಲ್ಕು ಜನರನ್ನು ಒಂದೇ ಹಗ್ಗಕ್ಕೆ ಕಟ್ಟುವಾಗ ನಡುವಿನ ಅಂತರ 8ರಿಂದ 12 ಮೀಟರ್. ಹಗ್ಗ ನೆಲಕ್ಕೆ ಜೋತು ಬೀಳಬಾರದು. ಸಡಿಲ ಬಿಟ್ಟಷ್ಟೂ ಬಿದ್ದವರು ಬಿರುಕಿನ ಆಳಕ್ಕೆ ಹೋಗುತ್ತಾರೆ, ಎಳೆತದ ಪೆಟ್ಟಿಗೆ ಮೇಲಿದ್ದವರೂ ಜಾರುತ್ತಾರೆ. ಮೇಲೆ ಎಳೆಯುವ ಘಟ್ಟದಲ್ಲಿ ಎಲ್ಲರೂ ಎಡವುವ ಜಾಗ ಬಿರುಕಿನ ಅಂಚು. ಭಾರ ಬಿದ್ದ ಹಗ್ಗ ಮೆತ್ತನೆಯ ಹಿಮವನ್ನು ಕೊಯ್ದುಕೊಂಡು ಒಳಗೆ ಹೂತುಹೋಗುತ್ತದೆ. ಆಮೇಲೆ ಎಷ್ಟು ಜನ ಎಳೆದರೂ ಅಲುಗುವುದಿಲ್ಲ. ಎಳೆಯುವ ಹಗ್ಗದ ಅಡಿಗೆ ಐಸ್ ಆ್ಯಕ್ಸ್‌ನ ಹಿಡಿ ಅಥವಾ ರಕ್‌ಸ್ಯಾಕ್ ಇಟ್ಟು, ಅದೂ ಬಿರುಕಿಗೆ ಜಾರದಂತೆ ಕಟ್ಟಿದ ಮೇಲೇ ಎಳೆಯಲು ಶುರು ಮಾಡಬೇಕು. ಪುಸ್ತಕದ ಪ್ರಕಾರ ಝಡ್ ಪುಲ್ಲಿ, ಅಂದರೆ ಹಗ್ಗವನ್ನು ಝಡ್ ಆಕಾರದಲ್ಲಿ ತಿರುಗಿಸಿ ಎಳೆಯುವ ಏರ್ಪಾಡು, ಮೂರು ಪಟ್ಟು ಬಲ ಕೊಡುತ್ತದೆ. ರಾಟೆ ಇಲ್ಲದೆ ಬರಿಯ ಕ್ಯಾರಬೀನರ್ (ಲೋಹದ ಕೊಂಡಿ) ಹಾಕಿದರೆ ಘರ್ಷಣೆ ಅದರಲ್ಲಿ ಒಳ್ಳೆಯ ಪಾಲನ್ನು ತಿಂದುಹಾಕುತ್ತದೆ. ಇದೆಲ್ಲ ಕೈಗೆ ಬರಬೇಕಾದರೆ ಪ್ರತಿ ಸೀಸನ್ ಶುರುವಿನಲ್ಲಿ ಮತ್ತೆ ಅಭ್ಯಾಸ ಮಾಡಬೇಕು. ಹತ್ತು ವರ್ಷದ ಹಿಂದೆ ಕಲಿತದ್ದು ಚಳಿಯಲ್ಲಿ, ಕೈಗವಸು ಹಾಕಿಕೊಂಡು, ಕೂಗಾಟದ ನಡುವೆ ನೆನಪಾಗುವುದಿಲ್ಲ.

ಕೇದಾರಕಂಠ, ಹರ್ ಕೀ ದೂನ್‌ನಂಥ ಚಾರಣಕ್ಕೆ ಇದ್ಯಾವುದೂ ಬೇಕಾಗುವುದಿಲ್ಲ. ಅಲ್ಲಿ ಬೇಕಾಗುವುದು ಮುಂದಿನ ಭಾಗ.

ಎತ್ತರಕ್ಕೆ ದೇಹ ಮಣಿಯುವಾಗ

ನಮ್ಮ ಕಡೆಯ ಚಾರಣಿಗರ ಪಾಲಿಗೆ ಗೈಡ್‌ನ ಅತಿ ಮುಖ್ಯ ವಿದ್ಯೆ ಇದು. 5,500 ಮೀಟರ್‌ನಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಅರ್ಧದಷ್ಟು. ದೇಹ ಹೊಂದಿಕೊಳ್ಳುತ್ತದೆ, ಸಮಯ ಕೊಟ್ಟರೆ. 3,000 ಮೀಟರ್ ದಾಟಿದ ಮೇಲೆ ಮಲಗುವ ಎತ್ತರವನ್ನು ದಿನಕ್ಕೆ 500 ಮೀಟರ್‌ಗಿಂತ ಹೆಚ್ಚು ಏರಿಸಬಾರದು, ಮೂರು-ನಾಲ್ಕು ದಿನಕ್ಕೊಮ್ಮೆ ಅದೇ ಎತ್ತರದಲ್ಲಿ ಇನ್ನೊಂದು ರಾತ್ರಿ ಕಳೆಯಬೇಕು. ಹಗಲು ಎಷ್ಟು ಮೇಲೆ ಹೋಗಿ ಬಂದಿರಿ ಅನ್ನುವುದಕ್ಕಿಂತ ರಾತ್ರಿ ಎಲ್ಲಿ ಮಲಗಿದಿರಿ ಅನ್ನುವುದು ಮುಖ್ಯ. ವೇಳಾಪಟ್ಟಿಯೇ ಇದನ್ನು ಮೀರಿದ್ದರೆ ಗೈಡ್ ಎಷ್ಟು ಜಾಣರಿದ್ದರೂ ಸಾಲದು.

ಸಂಜೆಯ ಆರೋಗ್ಯ ತಪಾಸಣೆಯಲ್ಲಿ ಗೈಡ್ ಕೇಳುವ ಪ್ರಶ್ನೆಗಳಿಗೆ ಒಂದು ಅಳತೆಗೋಲಿದೆ, ಲೇಕ್ ಲೂಯಿಸ್ ಸ್ಕೋರ್ ಅಂತ. ತಲೆನೋವು, ಹೊಟ್ಟೆ ತೊಳಸು ಅಥವಾ ವಾಂತಿ, ಸುಸ್ತು, ತಲೆಸುತ್ತು, ಒಂದೊಂದಕ್ಕೂ ಸೊನ್ನೆಯಿಂದ ಮೂರು ಅಂಕ. ತಲೆನೋವು ಇದ್ದು ಒಟ್ಟು ಮೂರು ಅಥವಾ ಹೆಚ್ಚು ಬಂದರೆ ಅದು ಎಎಂಎಸ್, ಎತ್ತರದ ಕಾಯಿಲೆ. ಅವರು ಅದೇ ಎತ್ತರದಲ್ಲಿ ನಿಲ್ಲಬೇಕು, ಮೇಲೆ ಹೋಗಬಾರದು. ಇಲ್ಲಿ ಸುಳ್ಳು ಹೇಳುವವರೇ ಹೆಚ್ಚು: ‘ಏನಿಲ್ಲ, ಸ್ವಲ್ಪ ಸುಸ್ತು’. ಅನುಭವಿ ಗೈಡ್ ಉತ್ತರವನ್ನು ನಂಬಿ ಬಿಡುವುದಿಲ್ಲ. ಊಟದ ತಟ್ಟೆ ನೋಡುತ್ತಾರೆ, ಯಾರು ಟೆಂಟ್ ಬಿಟ್ಟು ಹೊರಗೆ ಬಂದಿಲ್ಲ ನೋಡುತ್ತಾರೆ, ಯಾರು ಶೂ ಲೇಸ್ ಕಟ್ಟಲು ಪರದಾಡುತ್ತಿದ್ದಾರೆ ನೋಡುತ್ತಾರೆ.

ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಸಹಾಯಕ್ಕೆ ಬರುತ್ತದೆ, ಆದರೆ ತಣ್ಣಗಿನ ಬೆರಳಿಗೆ ತಪ್ಪು ಅಂಕಿ ತೋರಿಸುತ್ತದೆ. ಐದು ನಿಮಿಷ ಕೂತು, ಕೈ ಉಜ್ಜಿ ಬೆಚ್ಚಗೆ ಮಾಡಿಕೊಂಡ ಮೇಲೆ ನೋಡಬೇಕು. ಒಂದು ಸಂಜೆಯ ಅಂಕಿ ನೋಡಿ ಹೆದರುವ ಬದಲು ಅದೇ ವ್ಯಕ್ತಿಯ ನಿನ್ನೆಯ ಅಂಕಿಗೆ ಹೋಲಿಸಬೇಕು, ಗುಂಪಿನ ಉಳಿದವರ ಅಂಕಿಗೂ ಹೋಲಿಸಬೇಕು.

ಜೀವ ತೆಗೆಯುವುದು ಇದರ ಎರಡು ಉಗ್ರ ರೂಪಗಳು. ಮಿದುಳು ಊದಿಕೊಂಡರೆ ಹೇಸ್, ಶ್ವಾಸಕೋಶದಲ್ಲಿ ನೀರು ತುಂಬಿದರೆ ಹೇಪ್. ಹೇಸ್‌ನಲ್ಲಿ ನಡಿಗೆ ಓಲಾಡುತ್ತದೆ, ಮಾತು ತೊದಲುತ್ತದೆ. ನೇರ ಗೆರೆಯ ಮೇಲೆ ಹಿಮ್ಮಡಿಗೆ ಹೆಬ್ಬೆರಳು ತಾಗಿಸಿ ನಡೆಯಲು ಹೇಳುವುದು ಇದರ ಪರೀಕ್ಷೆ. ಕನ್ನಡಿಗರ ಗುಂಪಿನಲ್ಲಿ ಇನ್ನೊಂದು ತೊಡಕು ಇದೆ. ಮಂಪರಿನಲ್ಲಿ ಮನುಷ್ಯ ತನ್ನ ಭಾಷೆಯಲ್ಲೇ ಬಡಬಡಿಸುತ್ತಾನೆ, ಅದು ಅಸಂಬದ್ಧ ಅಂತ ಗಢವಾಲಿ ಗೈಡ್‌ಗೆ ತಿಳಿಯುವುದಿಲ್ಲ. ಜೊತೆಗಿದ್ದ ಸ್ನೇಹಿತರೇ ಗೈಡ್‌ಗೆ ಹೇಳಬೇಕು. ಹೇಪ್ ಸಾಮಾನ್ಯವಾಗಿ ಎತ್ತರಕ್ಕೆ ಬಂದ ಎರಡನೆಯ ರಾತ್ರಿಯಿಂದ ನಾಲ್ಕನೆಯ ರಾತ್ರಿಯೊಳಗೆ ಕಾಣಿಸುತ್ತದೆ: ಒಣಕೆಮ್ಮು, ಎಲ್ಲರಿಗಿಂತ ಹಿಂದೆ ಬೀಳುವುದು, ಆಮೇಲೆ ಸುಮ್ಮನೆ ಕೂತಾಗಲೂ ಏದುಸಿರು. ಗುಲಾಬಿ ಬಣ್ಣದ ನೊರೆ ಕಫ ಬರುವ ಹೊತ್ತಿಗೆ ತುಂಬ ತಡವಾಗಿರುತ್ತದೆ.

ಎರಡಕ್ಕೂ ಮದ್ದು ಇಳಿಯುವುದು, ಕನಿಷ್ಠ 1,000 ಮೀಟರ್ ಅಥವಾ ಲಕ್ಷಣ ಇಳಿಯುವವರೆಗೆ, ರಾತ್ರಿಯಾದರೂ ಸರಿ. ಹೇಸ್‌ಗೆ ಡೆಕ್ಸಾಮೆಥಾಸೋನ್, ಹೇಪ್‌ಗೆ ಆಮ್ಲಜನಕ ಮತ್ತು ನಿಫೆಡಿಪಿನ್ ಇಳಿಯುವಷ್ಟು ಹೊತ್ತು ಗಳಿಸಿಕೊಡುತ್ತವೆ. ಸಿಲಿಂಡರ್ ಎಷ್ಟು ಹೊತ್ತು ಬರುತ್ತದೆ ಅನ್ನುವ ಲೆಕ್ಕ ಗೈಡ್‌ನ ತಲೆಯಲ್ಲಿ ಇರಬೇಕು. 400 ಲೀಟರ್ ಆಮ್ಲಜನಕ ಹಿಡಿಯುವ ಸಿಲಿಂಡರನ್ನು ನಿಮಿಷಕ್ಕೆ 2 ಲೀಟರ್‌ನಂತೆ ಬಿಟ್ಟರೆ 200 ನಿಮಿಷ, 4 ಲೀಟರ್‌ನಂತೆ ಬಿಟ್ಟರೆ 100 ನಿಮಿಷ. ರಸ್ತೆ ಆರು ಗಂಟೆ ದೂರ ಇದ್ದರೆ ಒಂದು ಸಿಲಿಂಡರ್ ಸಾಲದು. ಅಂಗಡಿಯಲ್ಲಿ ಮಾರುವ ಸ್ಪ್ರೇ ಡಬ್ಬಿಯ ಆಮ್ಲಜನಕ ಕೆಲವೇ ನಿಮಿಷದ್ದು, ಅದನ್ನು ಲೆಕ್ಕಕ್ಕೇ ಹಿಡಿಯಬಾರದು.

ಈ ತಿಳಿವಳಿಕೆಗೆ ಪರ್ವತಾರೋಹಣದ ಕೋರ್ಸ್ ಒಂದೇ ಸಾಲುವುದಿಲ್ಲ. ವೈಲ್ಡರ್‌ನೆಸ್ ಫಸ್ಟ್ ರೆಸ್ಪಾಂಡರ್ ಅನ್ನುವ, ಸುಮಾರು 80 ಗಂಟೆಗಳ ಬೇರೆಯೇ ಕೋರ್ಸ್ ಇದೆ. ಮಸ್ಸೂರಿಯ ಹನಿಫ್ಲ್ ಸೆಂಟರ್‌ನಂಥ ಕಡೆ ಕಲಿಸುತ್ತಾರೆ. ಆಸ್ಪತ್ರೆ ಗಂಟೆಗಟ್ಟಲೆ ದೂರ ಇರುವಾಗ ಏನು ಮಾಡಬೇಕು ಅನ್ನುವುದೇ ಅದರ ವಿಷಯ. ಎರಡು-ಮೂರು ವರ್ಷಕ್ಕೊಮ್ಮೆ ನವೀಕರಿಸಬೇಕು. ಹದಿನಾರು ಗಂಟೆಯ ಚಿಕ್ಕ ಪ್ರಥಮ ಚಿಕಿತ್ಸೆ ಕೋರ್ಸೂ ಇದೆ. ಲೀಡರ್‌ಗೆ ಅಷ್ಟೇ ಸಾಕು ಅನ್ನಲಾಗದು.

ತಿರುಗಿ ಬರುವ ನಿರ್ಧಾರ

2024ರ ಜೂನ್‌ನಲ್ಲಿ ಉತ್ತರಕಾಶಿಯ ಸಹಸ್ರತಾಲ್ ಮಾರ್ಗದಲ್ಲಿ ಹವಾಮಾನ ಕೆಟ್ಟು, ಕರ್ನಾಟಕದಿಂದ ಹೋದವರೇ ಹೆಚ್ಚಿದ್ದ 22 ಜನರ ತಂಡದಲ್ಲಿ 9 ಮಂದಿ ಪ್ರಾಣ ಬಿಟ್ಟರು. ಅಂಥ ಎತ್ತರದ ಬಯಲಿನಲ್ಲಿ ಗಾಳಿ ಮತ್ತು ಹಿಮ ಒಟ್ಟಿಗೆ ಎರಗಿದಾಗ ಮೈ ಒದ್ದೆಯಾಗುತ್ತದೆ, ದಾರಿ ಮಾಯವಾಗುತ್ತದೆ, ನಿಂತರೆ ಚಳಿ, ನಡೆದರೆ ಸುಸ್ತು. ನಡುಕ ಇರುವವರೆಗೆ ದೇಹ ಹೋರಾಡುತ್ತಿದೆ ಅಂತ ಅರ್ಥ. ಚಳಿ ಹಾಗೇ ಇದ್ದು ನಡುಕ ನಿಂತರೆ ದೇಹ ಸೋಲುತ್ತಿದೆ. ಒದ್ದೆ ಬಟ್ಟೆ ಬಿಚ್ಚಿಸಿ, ಒಣಬಟ್ಟೆ, ಸ್ಲೀಪಿಂಗ್ ಬ್ಯಾಗ್, ಹೊರಗೆ ಗಾಳಿ ನುಗ್ಗದ ಹೊದಿಕೆ ಸುತ್ತಿ, ನೆಲದಿಂದ ಮ್ಯಾಟ್ ಹಾಕಿ ಬೇರ್ಪಡಿಸಬೇಕು. ನುಂಗಲು ಬರುವ ಸ್ಥಿತಿ ಇದ್ದರೆ ಮಾತ್ರ ಬಿಸಿ ಸಕ್ಕರೆ ನೀರು ಕುಡಿಸಬೇಕು.

ಇಂಥ ಹೊತ್ತಿನಲ್ಲಿ ಗೈಡ್‌ನ ಜಾಣ್ಮೆ ಕಾಣುವುದು ಬಿರುಗಾಳಿಗೆ ಮುಂಚೆ. ಮೇ-ಜೂನ್‌ನಲ್ಲಿ ಮಧ್ಯಾಹ್ನಕ್ಕೆ ಮೋಡ ಕಟ್ಟುವುದು ಮಾಮೂಲು, ಅದಕ್ಕೇ ಶಿಖರಕ್ಕೆ ನಸುಕಿಗೆ ಮುಂಚೆಯೇ ಹೊರಡುವುದು. ಎಷ್ಟು ಗಂಟೆಗೆ ಎಲ್ಲಿದ್ದರೂ ಹಿಂದಿರುಗುವುದು ಅಂತ ಹಿಂದಿನ ಸಂಜೆಯೇ ಎಲ್ಲರಿಗೂ ಹೇಳಿರಬೇಕು. ತುದಿ ಕಣ್ಣೆದುರು ಇರುವಾಗ ಆ ಗಂಟೆ ಗೊತ್ತು ಮಾಡಲು ಹೋದರೆ ಯಾರೂ ಕೇಳುವುದಿಲ್ಲ. 1,000 ಮೀಟರ್ ಏರಿದರೆ ಸುಮಾರು 6.5 ಡಿಗ್ರಿ ತಂಪು ಹೆಚ್ಚುತ್ತದೆ. 1,920 ಮೀಟರ್‌ನ ಸಾಂಕ್ರಿಗೂ 3,810 ಮೀಟರ್‌ನ ಕೇದಾರಕಂಠಕ್ಕೂ ಗಾಳಿ ಬಿಟ್ಟೇ 12 ಡಿಗ್ರಿ ವ್ಯತ್ಯಾಸ.

ಹೊಸ ಹಿಮ ಬಿದ್ದ ಮೇಲೆ ಮೊದಲ ಒಂದೆರಡು ದಿನ 30ರಿಂದ 45 ಡಿಗ್ರಿ ಇಳಿಜಾರುಗಳನ್ನು ಗೈಡ್ ತಪ್ಪಿಸುತ್ತಾರೆ, ಹಿಮಕುಸಿತ ಹೆಚ್ಚಾಗಿ ಆಗುವುದು ಅಲ್ಲೇ. ಕಾಲಿಟ್ಟಾಗ ‘ಧೊಪ್’ ಅಂತ ಪದರ ಕುಸಿದ ಸದ್ದು, ಹೆಜ್ಜೆಯಿಂದ ಓಡುವ ಬಿರುಕು, ಅಕ್ಕಪಕ್ಕದ ಅದೇ ದಿಕ್ಕಿನ ಇಳಿಜಾರು ಆಗಲೇ ಜಾರಿರುವುದು, ಇವು ತಿರುಗಿ ಹೋಗಲು ಸಾಕಾದ ಕಾರಣಗಳು. ಹೂತುಹೋದವರನ್ನು ಮೊದಲ ಹತ್ತು-ಹದಿನೈದು ನಿಮಿಷದಲ್ಲಿ ಅಗೆದು ತೆಗೆಯಬೇಕು, ಆಮೇಲೆ ಬದುಕುವ ಸಾಧ್ಯತೆ ಬೇಗನೆ ಕುಸಿಯುತ್ತದೆ. 2022ರ ಅಕ್ಟೋಬರ್ 4ರಂದು ಗಢವಾಲದ ದ್ರೌಪದಿ ಕಾ ಡಾಂಡಾ-2 ಶಿಖರದಲ್ಲಿ ಹಿಮಕುಸಿತವಾದಾಗ ಉತ್ತರಕಾಶಿ ಸಂಸ್ಥೆಯ ಅಡ್ವಾನ್ಸ್ ಕೋರ್ಸಿನ ಶಿಕ್ಷಣಾರ್ಥಿಗಳೂ ಬೋಧಕರೂ ಸೇರಿ 27ಕ್ಕೂ ಹೆಚ್ಚು ಮಂದಿ ಸತ್ತರು. ಅದೇ ವರ್ಷ ಮೇ ತಿಂಗಳಲ್ಲಿ ಎವರೆಸ್ಟ್ ಮತ್ತು ಮಕಾಲು ಎರಡನ್ನೂ ಹತ್ತಿದ್ದ ಬೋಧಕಿ ಸವಿತಾ ಕನ್ಸವಾಲ್ ಅವರಲ್ಲಿ ಒಬ್ಬರು. ಹತ್ತುವ ಸಾಮರ್ಥ್ಯ ಎಷ್ಟಿದ್ದರೂ ಹಿಮದ ಇಳಿಜಾರಿನ ಅಪಾಯ ಕಡಿಮೆಯಾಗುವುದಿಲ್ಲ.

ನಮ್ಮ ಪಶ್ಚಿಮ ಘಟ್ಟದ ಗೈಡ್‌ನ ವಿದ್ಯೆ ಬೇರೆ: ಆನೆ ಇರುವ ಜಾಡು, ಮಳೆಗಾಲದಲ್ಲಿ ಏಕಾಏಕಿ ಉಕ್ಕುವ ಹಳ್ಳ, ಕುದುರೆಮುಖದ ಹುಲ್ಲುಬೆಟ್ಟದಲ್ಲಿ ದಾರಿ ನುಂಗುವ ಮಂಜು, ಅರಣ್ಯ ಇಲಾಖೆಯ ಪರವಾನಗಿ. ಅದರಲ್ಲಿ ನುರಿತವರು ಗುಂಪು ಕಟ್ಟಿಕೊಂಡು ನೇರ ಹಿಮಾಲಯಕ್ಕೆ ಕರೆದೊಯ್ದರೆ ಎತ್ತರದ ಕಾಯಿಲೆಯ ಪಾಠ ಅವರಿಗೆ ಹೊಸದು ಅನ್ನುವುದು ನೆನಪಿರಲಿ. ರಾಜ್ಯದಲ್ಲಿ ಬಂಡೆ ಹತ್ತುವುದನ್ನು ಕ್ರಮವಾಗಿ ಕಲಿಯಲು ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿ ಇದೆ, ರಾಮನಗರದ ಬಂಡೆಗಳಿವೆ. ಹಿಮದ ಪಾಠಕ್ಕೆ ಮಾತ್ರ ಉತ್ತರಕ್ಕೇ ಹೋಗಬೇಕು.

ಹಣ ಕಟ್ಟುವ ಮುಂಚೆ

ಎಷ್ಟು ಗೈಡ್‌ಗಳು ಬರುತ್ತಾರೆ ಅಂತ ಕೇಳಿ, ಸಿಕ್ಕ ಸಂಖ್ಯೆಯಲ್ಲಿ ಒಂದು ಕಳೆಯಿರಿ. ಯಾಕೆಂದರೆ ಕಾಯಿಲೆ ಬಿದ್ದವರನ್ನು ಒಂಟಿಯಾಗಿ ಇಳಿಸುವಂತಿಲ್ಲ, ತರಬೇತಿ ಇರುವ ಒಬ್ಬರು ಜೊತೆಗೆ ಹೋಗಲೇಬೇಕು. ಹದಿನೈದು ಚಾರಣಿಗರಿಗೆ ಒಬ್ಬ ಲೀಡರ್, ಇಬ್ಬರು ಗೈಡ್ ಇದ್ದರೆ, ಒಬ್ಬರು ಇಳಿದ ಮೇಲೂ ಮುಂದೆ ಒಬ್ಬರು, ಹಿಂದೆ ಒಬ್ಬರು ಉಳಿಯುತ್ತಾರೆ. ಇಬ್ಬರೇ ಇದ್ದರೆ ಉಳಿದ ಹದಿನಾಲ್ಕು ಜನಕ್ಕೆ ಒಬ್ಬರೇ ಗತಿ.

ಲೀಡರ್ ಹೆಸರು, ಕೋರ್ಸ್, ಗ್ರೇಡ್, ಪ್ರಥಮ ಚಿಕಿತ್ಸೆ ಸರ್ಟಿಫಿಕೇಟ್ ಯಾವ ವರ್ಷದ್ದು, ಈ ಮಾರ್ಗದಲ್ಲಿ ಈ ತಿಂಗಳಲ್ಲಿ ಮುಂಚೆ ಹೋಗಿದ್ದಾರಾ, ಗೈಡ್‌ಗಳಿಗೂ ಪೋರ್ಟರ್‌ಗಳಿಗೂ ವಿಮೆ ಇದೆಯಾ, ಇಷ್ಟನ್ನು ಕೇಳಿ. ಆಮೇಲೆ ‘ಅತಿ ಎತ್ತರದ ಕ್ಯಾಂಪ್‌ನಲ್ಲಿ ರಾತ್ರಿ ಹೇಪ್ ಆದರೆ ಏನು ಮಾಡುತ್ತೀರಿ?’ ಅಂತ ಕೇಳಿ. ‘ಹೆಲಿಕಾಪ್ಟರ್ ತರಿಸುತ್ತೇವೆ’ ಅನ್ನುವುದು ಉತ್ತರವಲ್ಲ, ರಾತ್ರಿಯಲ್ಲೂ ಮೋಡದಲ್ಲೂ ಅದು ಬರುವುದಿಲ್ಲ. ಯಾವ ಕ್ಯಾಂಪ್‌ಗೆ ಇಳಿಸುತ್ತೇವೆ, ಹೊತ್ತುಕೊಂಡು ಹೋದರೆ ಎಷ್ಟು ಗಂಟೆ, ಎಷ್ಟು ಸಿಲಿಂಡರ್ ಇದೆ, ರಸ್ತೆ ಎಲ್ಲಿ ಸಿಗುತ್ತದೆ, ಅಲ್ಲಿಂದ ಯಾವ ಆಸ್ಪತ್ರೆ ಅಂತ ತಡವರಿಸದೆ ಹೇಳಿದರೆ ಆ ತಂಡ ಯೋಚಿಸಿದೆ ಅಂತ ಅರ್ಥ.

ಅವರೂ ನಿಮ್ಮನ್ನು ಕೇಳಬೇಕು: ಬಿಪಿ, ಸಕ್ಕರೆ, ಆಸ್ತಮಾ, ದಿನಾ ನುಂಗುವ ಮಾತ್ರೆ, ಸಲ್ಫಾ ಔಷಧಿಯ ಅಲರ್ಜಿ, ಹಿಂದೆ ಎತ್ತರದಲ್ಲಿ ಆದ ತೊಂದರೆ. ಎತ್ತರಕ್ಕೆ ಹೊಂದಿಕೊಳ್ಳಲು ಕೊಡುವ ಡಯಾಮಾಕ್ಸ್ ಸಲ್ಫಾ ಜಾತಿಯ ಮಾತ್ರೆ, ಹಾಗಾಗಿ ಅಲರ್ಜಿ ಇರುವವರು ಹೊರಡುವ ಮುಂಚೆಯೇ ವೈದ್ಯರನ್ನು ಕಾಣಬೇಕು. ಈ ಫಾರಂ ತುಂಬುವಾಗ ಏನನ್ನೂ ಮುಚ್ಚಿಡಬೇಡಿ, ಅದರ ಒಂದು ಪ್ರತಿ ಮೇಲಿನ ಕ್ಯಾಂಪ್‌ನಲ್ಲಿ ಲೀಡರ್ ಕೈಯಲ್ಲಿ ಇರುತ್ತದೆಯೇ ಅಂತಲೂ ಕೇಳಿ. ಕಚೇರಿಯ ಕಂಪ್ಯೂಟರ್‌ನಲ್ಲಿ ಉಳಿದ ಫಾರಂ, ನೆಟ್‌ವರ್ಕ್ ಇಲ್ಲದ ಕಡೆ ನಡುರಾತ್ರಿ ಯಾರ ಉಪಯೋಗಕ್ಕೂ ಬರುವುದಿಲ್ಲ.